ನಗಬೇಡಿ, ಅಲ್ಲಾಡಬೇಡಿ

ಕ್ಯಾಮೆರಾ ಹಿಡಿದು ಬೀದಿಗೆ ಇಳಿದವನಿಗೆ ಫೋಟೋ ಸಿಗುತ್ತದೋ ಇಲ್ಲವೋ, ಮನೆಗೆ ಬಂದು ಹೇಳಿಕೊಳ್ಳಲು ಒಂದು ಕತೆಯಂತೂ ಸಿಕ್ಕೇ ಸಿಗುತ್ತದೆ. ಈಗೀಗ ನನಗೆ ಕತೆಗಳೇ ಹೆಚ್ಚು ಸಿಗುತ್ತಿವೆ.

ತುಮಕೂರಿನಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಮೆಟ್ಟಿಲು ಹತ್ತಿ ಬಂದರೆ ಒಂದು ಕನ್ನಡಿ, ಪೌಡರ್ ಡಬ್ಬಿ, ಹಲ್ಲು ಮುರಿದ ಬಾಚಣಿಗೆ, ಜಲಪಾತ ಬರೆದ ಪರದೆ. ಗೂಟಕ್ಕೆ ನೇತುಹಾಕಿದ ಒಂದು ಕಪ್ಪು ಕೋಟು. ಊರಿನ ಅರ್ಧ ಮದುಮಕ್ಕಳು ಆ ಒಂದೇ ಕೋಟಿನಲ್ಲಿ ಫೋಟೋ ತೆಗೆಸಿಕೊಂಡಿದ್ದಾರೆ. ಸಣ್ಣಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು ಹಾಕುತ್ತಿದ್ದೆ, ದಪ್ಪಗಿದ್ದವರಿಗೆ ಗುಂಡಿ ಹಾಕಬೇಡಿ ಅನ್ನುತ್ತಿದ್ದೆ. ಆಗ ರೀಲು ದುಬಾರಿ, ಒಂದು ಕ್ಲಿಕ್ಕು ಕೆಟ್ಟರೆ ಕೆಟ್ಟಿತು. ಹಾಗಾಗಿ ನಮ್ಮ ಕಸುಬಿನವರೆಲ್ಲ ಹೇಳುತ್ತಿದ್ದ ಮಂತ್ರ ಒಂದೇ: "ನಗಬೇಡಿ, ಅಲ್ಲಾಡಬೇಡಿ, ಉಸಿರು ಹಿಡ್ಕೊಳ್ಳಿ."

ಮೊಬೈಲ್ ಬಂತು, ಸ್ಟುಡಿಯೋಗೆ ಬೀಗ ಬಿತ್ತು. ಒಂದು ದಿನ ಹಳೆಯ ಫೋಟೋಗಳನ್ನು ಹರಡಿಕೊಂಡು ಕೂತಾಗ ಮನಸ್ಸಿಗೆ ಚುಚ್ಚಿತು. ನಾನು ತೆಗೆದ ಇಷ್ಟು ಮುಖಗಳಲ್ಲಿ ಒಂದೂ ನಗುತ್ತಿಲ್ಲ. ಕಣ್ಣಿಗೆ ಪೊರೆ ಬರುತ್ತಿದೆ ಅಂತ ಡಾಕ್ಟರು ಬೇರೆ ಹೇಳಿದ್ದರು. ಕಣ್ಣು ನೆಟ್ಟಗಿರುವಾಗಲೇ, ಕ್ಯಾಮೆರಾ ಮರೆತು ಮನಸಾರೆ ನಗುವ ಒಂದು ಮುಖ ಹಿಡಿಯಬೇಕು ಅಂತ ಹಟ ತೊಟ್ಟೆ. ಮಗಳು ಹೊಸ ಕ್ಯಾಮೆರಾ ಕೊಡಿಸಿದಳು. ಜೊತೆಗೆ ಬುದ್ಧಿಮಾತನ್ನೂ ಕೊಟ್ಟಳು.

"ಅಪ್ಪಾ, ಈಗ ಕಾಲ ಮೊದ್ಲಿನಂಗಿಲ್ಲ. ಯಾರದ್ದೇ ಆಗ್ಲಿ, ಕೇಳಿ ತೆಗಿ."

ಕೇಳಿ ತೆಗೆದದ್ದು

ಮಂಡಿಪೇಟೆಯಲ್ಲಿ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಮೂಟೆಗೆ ಒರಗಿ ಕೂತು, ಗಿರಾಕಿಯ ಜೊತೆ ಹೊಟ್ಟೆ ಕುಣಿಸಿಕೊಂಡು ನಗುತ್ತಿದ್ದರು. ನನಗೆ ಬೇಕಾಗಿದ್ದದ್ದು ಅದೇ. ಮಗಳ ಮಾತು ನೆನಪಾಗಿ ಕೇಳಿದೆ. "ಸ್ವಾಮಿ, ಒಂದು ಫೋಟೋ ತಗೊಳ್ಳಲಾ?"

"ಅದ್ಕೇನಂತೆ, ತಗಳಿ. ಒಂದ್ನಿಮಿಷ ಇರಿ," ಎಂದು ಒಳಗೆ ಹೋದರು. ಹೊರಗೆ ಬರುವಾಗ ಶರ್ಟು ಬದಲಾಗಿತ್ತು, ಹಣೆಗೆ ವಿಭೂತಿ ಬಂದಿತ್ತು, ತಲೆಗೆ ನೀರು ಹಚ್ಚಿ ಬಾಚಿದ್ದರು. ಗಿರಾಕಿಗೆ "ನೀನು ಅಡ್ಡ ಬರ್ತೀಯ, ಆಮೇಲ್ ಬಾ" ಎಂದರು. ಹುಣಸೆಹಣ್ಣಿನ ಮೇಲೆ ಟಾರ್ಪಾಲು ಎಳೆದರು, ಅದು ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲವಂತೆ. ಕೊನೆಗೆ ಸುಣ್ಣ ಬಳಿದ ಖಾಲಿ ಗೋಡೆಯೊಂದನ್ನು ಹುಡುಕಿ, ಅದಕ್ಕೆ ಬೆನ್ನು ಕೊಟ್ಟು ಸೆಟೆದು ನಿಂತು, ಉಸಿರು ಹಿಡಿದು, "ಹ್ಞೂಂ" ಎಂದರು.

ತೆಗೆದು ವಾಟ್ಸಾಪಿನಲ್ಲಿ ಕಳಿಸಿದೆ. ಮುಂದೊಂದು ದಿನ ಸಿಕ್ಕಾಗ ಕೈ ಹಿಡಿದುಕೊಂಡು ಹೊಗಳಿದರು.

"ಎಂಥಾ ಫೋಟೋ ತೆಗೆದ್ರಿ ಸ್ವಾಮಿ. ಚಿಕ್ಕದು ಮಾಡ್ಸಿ ಬ್ಯಾಂಕಿಗೆ ಕೊಟ್ಟೆ, ಒಂದ್ ಮಾತ್ ಆಡ್ದೆ ತಗಂಡ್ರು."

ದೂರ ನಿಂತು ತೆಗೆಯಹೋದದ್ದು

ಕೇಳಿದರೆ ಸೆಟೆದುಕೊಳ್ಳುತ್ತಾರೆ. ದೂರದಿಂದ ತೆಗೆದು, ಆಮೇಲೆ ಹೋಗಿ ಕೇಳಿದರಾಯಿತು ಎಂದುಕೊಂಡೆ. ಕೋರ ಅನ್ನುವ ಹಳ್ಳಿಯ ಹತ್ತಿರ ರಸ್ತೆ ಮೇಲೆ ಹುರುಳಿ ಹರಡುತ್ತ ನಾಲ್ಕಾರು ಹೆಂಗಸರು ಏನೋ ಮಾತಾಡಿಕೊಂಡು ನಗುತ್ತಿದ್ದರು. ಸ್ವಲ್ಪ ದೂರದಲ್ಲಿ ಮೂರು ಕಾಲಿನ ಸ್ಟ್ಯಾಂಡು ಊರಿ, ಕ್ಯಾಮೆರಾ ಕೂರಿಸಿ, ಒಂದು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣು ತೆರೆಯುವಷ್ಟರಲ್ಲಿ ಪಕ್ಕದಲ್ಲೊಬ್ಬ ಗೌಡರು ನಿಂತಿದ್ದರು, ಕೈಯಲ್ಲಿ ಕೊಚ್ಚಿದ ಎಳನೀರು.

"ಬಿಸ್ಲು ಜಾಸ್ತಿ. ಮೊದ್ಲು ಕುಡೀರಿ ಸ್ವಾಮಿ."

ಕೋರದ ಜನ ಎಷ್ಟು ಒಳ್ಳೆಯವರು ಎಂದುಕೊಂಡು ಕುಡಿದೆ. ಗೌಡರು ಸ್ಟ್ಯಾಂಡನ್ನು ಮೆಲ್ಲಗೆ ಮುಟ್ಟಿದರು.

"ಇದ್ನ ಒಸಿ ಆ ಕಡೀಕೆ ತಿರುಗ್ಸಿ. ಈ ಕಡೆ ನಮ್ ತೋಟ. ಆ ಕಡೆ ನಮ್ ದಾಯಾದಿದು. ರೋಡ್ ಅಗ್ಲ ಮಾಡೋದಾದ್ರೆ ಅವ್ನ ಕಡೀಕೇ ಮಾಡಿ, ನಮ್ದೇನೂ ತಕರಾರಿಲ್ಲ."

ಅಷ್ಟರಲ್ಲಿ ಸರ್ವೆಯವರು ಬಂದವ್ರೆ ಅನ್ನುವ ಸುದ್ದಿ ಹಬ್ಬಿ, ಹೆಂಗಸರು ಹುರುಳಿ ಬಾಚಿಕೊಂಡು ಮನೆಗೆ ನಡೆದಿದ್ದರು. "ಗೌಡ್ರೆ, ನಾನು ಸರ್ವೆಯವನಲ್ಲ, ಸ್ಟುಡಿಯೋದವನು. ಸುಮ್ನೆ ಫೋಟೋ ತೆಗೀತಿದೀನಿ," ಎಂದೆ. ಗೌಡರು ನನ್ನನ್ನು ನೋಡಿದರು, ಕ್ಯಾಮೆರಾ ನೋಡಿದರು, ಕೊನೆಗೆ ನನ್ನ ಕೈಯಲ್ಲಿದ್ದ ಖಾಲಿ ಬುರುಡೆ ನೋಡಿದರು.

"ಮೊದ್ಲೇ ಹೇಳ್ಬಾರ್ದಾ ಸ್ವಾಮಿ, ಕೊಚ್ಚೋಕ್ ಮುಂಚೆ."

ತೆಗೆದು ಕೇಳಿದ್ದು

ಕುಣಿಗಲ್ ಬಸ್‌ಸ್ಟ್ಯಾಂಡಿನ ಎದುರಿಗೆ ಇಬ್ಬರು ಹಳೆಯ ಸ್ನೇಹಿತರು ಕೂತಿದ್ದರು, ನಡುವೆ ಒಂದು ಪೊಟ್ಟಣ ಜಿಲೇಬಿ. ಒಬ್ಬರು ಜಿಲೇಬಿ ಮೇಲಕ್ಕೆತ್ತಿ ತೊಟ್ಟಿಕ್ಕುವ ಪಾಕವನ್ನು ನಾಲಿಗೆಯಲ್ಲಿ ಹಿಡಿಯುತ್ತಿದ್ದರು, ಇನ್ನೊಬ್ಬರು ಅದನ್ನು ನೋಡಿ ನಗುತ್ತಿದ್ದರು. ಶಾಲೆ ಬಿಟ್ಟ ಹುಡುಗರ ಖುಷಿ ಅದು. ಕ್ಲಿಕ್ಕಿಸಿದೆ. ನೋಡಿದರೆ ಎದೆ ತುಂಬಿ ಬಂತು, ನಾನು ಹುಡುಕುತ್ತಿದ್ದ ಮುಖ ಕೊನೆಗೂ ಸಿಕ್ಕಿತ್ತು. ನೇರ ಅವರ ಹತ್ತಿರ ಹೋಗಿ ತೋರಿಸಿ, "ಇಟ್ಕೊಳ್ಳಲಾ?" ಎಂದು ಕೇಳಿದೆ.

ಜಿಲೇಬಿಯವರ ಮುಖ ಬಿಳುಚಿಕೊಂಡಿತು. "ಬ್ಯಾಡ ಸ್ವಾಮಿ, ಅಳಿಸ್ಬುಡಿ. ನಂಗೆ ಶುಗರ್ ಐತೆ. ಸಿಹಿ ಮುಟ್ಟಲ್ಲ ಅಂತ ಹೆಂಡ್ತಿ ಮುಂದೆ ಆಣೆ ಮಾಡಿದೀನಿ."

"ಯಾರಿಗೂ ತೋರಿಸಲ್ಲ ಯಜಮಾನ್ರೆ."

"ನೀವು ತೋರ್ಸಲ್ಲ. ಅದೇ ಫೋನಿಂದ ಫೋನಿಗೆ ನೆಗೆದು, ನಾನು ಬಸ್ ಇಳಿಯೋದ್ರೊಳಗೆ ಮನೇಲಿರ್ತದೆ."

ಅವರ ಮುಖ, ಅವರ ಸಂಸಾರ. ಅವರ ಎದುರಿಗೇ ಅಳಿಸಿದೆ. ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಬಸ್ಸಿನ ಹತ್ತಿರ ಬಂದಾಗ ಯಾರೋ ತೋಳು ಹಿಡಿದರು. ನೋಡಿದರೆ ಆ ಇನ್ನೊಬ್ಬ ಸ್ನೇಹಿತರು, ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ನಂಗೊಂದು ಕಳ್ಸಿ ಅಳ್ಸಿದ್ರೆ ಆಗ್ತಿರ್ಲಿಲ್ವಾ ಸಾರ್? ಅದ್ನ ತೋರ್ಸಿ ಇನ್ಮೇಲಿಂದ ಜಿಲೇಬಿ ಎಲ್ಲ ಅವನ ಕೈಲೇ ಕೊಡಿಸ್ಕೊತಿದ್ದೆ."

ಗುಬ್ಬಿಯ ಗೋಡೆ

ಗುಬ್ಬಿಯ ಒಂದು ಬೀದಿಯಲ್ಲಿ, ಜಗಲಿ ಮೇಲೆ ಹಿರಿಯ ಹೆಂಗಸೊಬ್ಬರು ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಅವರ ಯಜಮಾನರು ಬನಿಯನ್ನಿನಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಷ್ಟು ಹೊತ್ತಿಗೆ ನನ್ನ ಹತ್ತಿರ ಯಾವ ಉಪಾಯವೂ ಉಳಿದಿರಲಿಲ್ಲ. "ಅಮ್ಮಾ, ನಿಮ್ಮಿಬ್ಬರದ್ದೂ ಒಂದು ಫೋಟೋ ತಗೊಳ್ಳಲಾ?" ಎಂದು ಕೇಳಿದೆ.

ಅಮ್ಮ ನನ್ನನ್ನೇ ದಿಟ್ಟಿಸಿದರು. "ನೀವು ತುಮಕೂರಿನ ಸ್ಟುಡಿಯೋದವ್ರಲ್ವಾ? ಜಲಪಾತದ ಪರದೆ ಇತ್ತಲ್ಲ?"

ಹೌದೆಂದೆ. ಮೊರ ಕೆಳಗಿಟ್ಟು ನನ್ನನ್ನು ಒಳಗೆ ಕರೆದುಕೊಂಡು ಹೋದರು. ಗೋಡೆಯ ಮೇಲೆ ಅವರ ಮದುವೆಯ ಫೋಟೋ. ಹಿಂದೆ ನನ್ನ ಜಲಪಾತ, ಗಂಡಿನ ಮೈಮೇಲೆ ನನ್ನ ಕೋಟು. ಇಬ್ಬರೂ ಕೋರ್ಟಿನಲ್ಲಿ ತೀರ್ಪು ಕೇಳಲು ನಿಂತವರಂತಿದ್ದರು. ಆದರೂ ಆ ಪರದೆ, ಆ ಕೋಟು ಕಂಡು ಒಂದು ಹೆಜ್ಜೆ ಹತ್ತಿರ ಹೋದೆ. ಸ್ಟುಡಿಯೋ ಇನ್ನೂ ತೆರೆದೇ ಇದೆ ಅನ್ನಿಸಿಬಿಟ್ಟಿತು.

"ಅವತ್ತು ನಂಗೆ ಎಷ್ಟು ಖುಷಿ ಇತ್ತು ಗೊತ್ತಾ ಅಣ್ಣಾ?" ಎಂದರು ಅಮ್ಮ. "ನಗು ತಡ್ಕಳಕ್ಕೇ ಆಗ್ತಿರ್ಲಿಲ್ಲ. ನೀವು ನಗಬ್ಯಾಡಿ ಅಂದ್ರಿ. ಈಗ ಮೊಮ್ಮಗಳು ಕೇಳ್ತಾಳೆ, ಅಜ್ಜಿ, ನಿಂಗೆ ಬಲವಂತವಾಗಿ ಮದುವೆ ಮಾಡಿದ್ರಾ ಅಂತ. ಈ ಮುಖ ಗೋಡೆ ಮೇಲೆ ಬುಟ್ಟು ಹೋಗಕ್ಕೆ ನಂಗಿಷ್ಟ ಇಲ್ಲ. ಇಬ್ರೂ ಇರೋವಾಗ್ಲೇ ನಗ್ತಾ ಇರೋದೊಂದು ತೆಗ್ದುಕೊಡಿ."

ನನ್ನ ಆಸೆಯೂ ಅದೇ ಆಗಿತ್ತಲ್ಲ. ಆದರೆ ಹೊರಗೆ ಬಂದು ನೋಡುತ್ತೇನೆ, ಯಜಮಾನರು ಆಗಲೇ ಶರ್ಟು ತೊಟ್ಟು, ಕುತ್ತಿಗೆಯ ಗುಂಡಿ ಹಾಕಿ, ಎರಡೂ ಕೈ ಮಂಡಿ ಮೇಲಿಟ್ಟು, ಎದೆ ಉಬ್ಬಿಸಿ, ಉಸಿರು ಹಿಡಿದು ಕೂತಿದ್ದಾರೆ. ಆ ಭಂಗಿಯ ಗುರುತು ನನಗೆ ಚೆನ್ನಾಗಿತ್ತು, ಕಲಿಸಿದವನೇ ನಾನು.

"ಸ್ವಲ್ಪ ನಗಿ ಯಜಮಾನ್ರೆ," ಎಂದೆ. ಗಂಟಲು ತೋರಿಸಿ ಅಂದ ಡಾಕ್ಟರ ಮುಂದೆ ಕೂತವರಂತೆ ಬಾಯಿ ತೆರೆದರು. ಗೊತ್ತಿದ್ದ ಜೋಕೆಲ್ಲ ಹೇಳಿದೆ. ಬ್ಯಾಂಕಿಗೆ ಹೋದ ಫೋಟೋ, ಕೋರದ ಎಳನೀರು, ಕುಣಿಗಲ್ಲಿನ ಜಿಲೇಬಿ, ಎಲ್ಲ ಹೇಳಿದೆ. ಗಂಭೀರವಾಗಿ ತಲೆ ಆಡಿಸಿದರು, ಅಷ್ಟೆ. ಬೆಳಕು ಇಳಿಯುತ್ತಿತ್ತು. ಸೋತು ಕ್ಯಾಮೆರಾ ಇಳಿಸಬೇಕು ಅನ್ನುವಾಗ ಅಮ್ಮ ನಿಟ್ಟುಸಿರು ಬಿಟ್ಟರು.

"ಅವ್ರದ್ದೇನೂ ತಪ್ಪಿಲ್ಲ ಅಣ್ಣಾ. ಅವತ್ತು ನೀವು ಉಸ್ರು ಹಿಡ್ಕಳಿ ಅಂದ್ರಿ, ಬುಡಿ ಅನ್ನೋದ್ ಮರ್ತುಬುಟ್ರಿ. ಪಾಪ, ಇನ್ನೂ ಹಿಡ್ಕಂಡೇ ಅವ್ರೆ."

ಮೊದಲು ಯಜಮಾನರ ಹೊಟ್ಟೆ ಅಲ್ಲಾಡಿತು, ಆಮೇಲೆ ಭುಜ. ಕುತ್ತಿಗೆಯ ಗುಂಡಿ ಕಿತ್ತು ಎಲ್ಲೋ ಹಾರಿತು. ಹಿಡಿದಿಟ್ಟ ಉಸಿರೆಲ್ಲ ಒಮ್ಮೆಲೇ ಹೊರಗೆ ಬಂದಂತೆ, ಬೊಚ್ಚು ಬಾಯಿ ಪೂರ್ತಿ ತೆರೆದು ನಕ್ಕರು. ಅವರನ್ನು ನೋಡುತ್ತ ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು, ಅದೂ ನಿಲ್ಲಲಿಲ್ಲ. ನನ್ನ ಕಣ್ಣು ಮಂಜಾಗಿತ್ತು, ಪೊರೆಗೂ ಅದಕ್ಕೂ ಸಂಬಂಧವಿಲ್ಲ. ಬೆರಳು ತಾನೇ ಒತ್ತಿತು.

ಮುಂದಿನ ವಾರ ಫೋಟೋಗೆ ಕಟ್ಟು ಹಾಕಿಸಿ ನಾನೇ ಹೋಗಿ ಕೊಟ್ಟೆ. ಯಜಮಾನರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಚೆನ್ನಾಗೈತೆ," ಎಂದರು. "ಆದ್ರೆ ನಾಳೆ ಇದಕ್ಕೇ ಹಾರ ಹಾಕ್ತಾರೆ. ತಿಥಿಗೆ ಬಂದೋರು ಇದ್ನ ನೋಡಿ ನಕ್ಬುಟ್ರೆ ಏನ್ ಗತಿ?"

ಅಮ್ಮ ಹಳೆಯ ಫೋಟೋ ಇಳಿಸಿ, ಅದೇ ಮೊಳೆಗೆ ಹೊಸದನ್ನು ಹಾಕಿ, ಓರೆಯಾಗಿದೆಯೇ ಎಂದು ದೂರ ನಿಂತು ನೋಡಿದರು.

"ನಗ್ಲಿ ಬುಡಿ. ಅವ್ರ ಜೊತೆ ನಾವೂ ನಗ್ತಾ ಇರ್ತೀವಲ್ಲ."