ಹೈದರನದು, ಜೋಪಾನ

ನೆಂಟರೆಲ್ಲ ಬಸ್ಸು ಹತ್ತಿಹೋದ ಮಾರನೆಯ ಬೆಳಗ್ಗೆ ಸುನಂದಮ್ಮನಿಗೆ ಯಾರೂ ಅಳು ಎನ್ನಲಿಲ್ಲ, ಅಳಬೇಡ ಎಂದೂ ಅನ್ನಲಿಲ್ಲ. ಗಂಡ ಬಸವರಾಜು ಮೇಷ್ಟ್ರನ್ನು ಮಣ್ಣು ಮಾಡಿ ಹನ್ನೆರಡು ದಿನವಾಗಿತ್ತು. ಮನೆಯಲ್ಲಿ ಉಳಿದಿದ್ದವನು ಗಾವಡಗೆರೆಯ ಮೈದುನ ನಂಜುಂಡಸ್ವಾಮಿ ಒಬ್ಬನೇ. ಅವನು ಕಾಫಿ ಕುಡಿದು ಲೋಟ ಕೆಳಗಿಟ್ಟವನೇ ಗೋಣಿಚೀಲವೊಂದನ್ನು ಕೊಡವಿದ.

"ಅತ್ತಿಗೆ, ಅಣ್ಣ ಗುಡ್ಡೆ ಹಾಕಿರೋ ಕಬ್ಬಿಣಾನೆಲ್ಲ ಇದಕ್ಕೆ ತುಂಬ್ಬುಡ್ತೀನಿ. ಯುದ್ಧದ ಕಾಲ, ಗುಜರಿಯವ್ನು ಮೊಳೆ ಕಂಡ್ರೂ ಕೈ ಮುಗೀತಾವ್ನೆ. ಮಧ್ಯಾಹ್ನ ಗಾಡಿ ಬತ್ತದೆ."

ಕಬ್ಬಿಣವೆಂದರೆ ಪಡಸಾಲೆಯ ಕಿಟಕಿಯ ಮೇಲೆ ಸಾಲಾಗಿ ಕೂತಿದ್ದ ನಲವತ್ತು ಚಿಲ್ಲರೆ ಸಾಮಾನು. ಟೆಂಟ್ ಸಿನಿಮಾದವರ ಕೆಟ್ಟ ಡೈನಮೊದಿಂದ ಬಿಚ್ಚಿದ ಅಯಸ್ಕಾಂತವನ್ನು ಬಿದಿರಿನ ಗಳಕ್ಕೆ ಕಟ್ಟಿಕೊಂಡು, ಪ್ರತಿ ಬೇಸಿಗೆಯ ಭಾನುವಾರಗಳಲ್ಲಿ ಮೇಷ್ಟ್ರು ಲಕ್ಷ್ಮಣತೀರ್ಥ ಹೊಳೆಯ ಮರಳನ್ನು ತಡಕುತ್ತಿದ್ದರು. ಕಚ್ಚಿಕೊಂಡು ಬಂದದ್ದಕ್ಕೆಲ್ಲ ದಾರದಲ್ಲಿ ಚೀಟಿ ಕಟ್ಟುತ್ತಿದ್ದರು. ಇವಕ್ಕೆ ಶಾಲೆಯಲ್ಲಿ ಒಂದು ಗಾಜಿನ ಕಪಾಟು ಸಿಗಬೇಕೆಂಬುದೇ ಅವರ ಆಸೆ. "ಒಂದಾದರೂ ನಿಜವಾಗಿ ಹಳೇದು ತೋರಿಸಿ, ಕೊಡ್ತೀನಿ" ಎಂದು ಹೆಡ್‌ಮಾಸ್ಟರು ರುದ್ರಸ್ವಾಮಿ ಮೂರು ವರ್ಷದಿಂದ ಹೇಳುತ್ತಲೇ ಇದ್ದರು.

"ಹೆಡ್‌ಮಾಸ್ಟರು ಒಂದು ಸಲ ನೋಡಲಿ" ಎಂದಳು ಸುನಂದಮ್ಮ. "ಬೇಡ ಅಂದರೆ ತುಂಬಿಕೊಳ್ಳಿ."

ಪಕ್ಕದ ಮನೆಯ ಭದ್ರಮ್ಮ ಗೋಡೆಯಾಚೆ ಕಿವಿಯಾಗಿ ನಿಂತಿದ್ದವರು, "ನಾನೇ ಕರ್ಕಂಡ್ ಬತ್ತೀನಿ ಕಣವ್ವ" ಎಂದು ಹೊರಟೇಬಿಟ್ಟರು. ಹೆಡ್‌ಮಾಸ್ಟರನ್ನು ಕರೆತರುವಾಗ ದಾರಿಯಲ್ಲಿ ಸಿಕ್ಕ ಅರ್ಧ ಬೀದಿಯನ್ನೂ ಕರೆತಂದರು.

ಹೆಡ್‌ಮಾಸ್ಟರು ಕನ್ನಡಕ ಏರಿಸಿ ಮೊದಲ ಚೀಟಿ ಓದಿದರು. "ಕತ್ತಿಯ ತುಂಡು? ಚಂಗಾಳ್ವರ ಕಾಲ?"

"ಯಾವ ಕಾಲಾನೂ ಅಲ್ಲ!" ಭದ್ರಮ್ಮ ಕಿತ್ತುಕೊಂಡರು. "ನಮ್ಮತ್ತೆ ಈಳಿಗೆಮಣೆ ಅಲಗು ಇದು. ಹೊಳೇಲಿ ತೊಳೆಯಕ್ಕೋಗಿ ನಾನೇ ಬುಟ್ಟಿದ್ದೆ. ಅವತ್ತು ಅತ್ತೆ ಬೈದಿದ್ದು ಇನ್ನೂ ಕಿವೀಲದೆ."

"ಬಾಣದ ಮೊನೆ? ಹೊಯ್ಸಳ?" ಅದು ಎತ್ತಿನ ಲಾಳದ ಚೂರಾಯಿತು. "ಆನೆಯ ಸರಪಣಿ?" ಅದು ಬಾವಿ ರಾಟೆಯದಾಯಿತು. ನಂಜುಂಡಸ್ವಾಮಿ ಒಂದೊಂದಕ್ಕೂ ಚೀಲದ ಬಾಯಿ ಅಗಲಿಸುತ್ತಿದ್ದ. ಕಬ್ಬಿಣ ಕಬ್ಬಿಣಕ್ಕೆ ಬಡಿದ ಸದ್ದು ಕೇಳಿದಾಗಲೆಲ್ಲ ಸುನಂದಮ್ಮ ಉಳಿದವನ್ನು ಎಣಿಸುತ್ತಿದ್ದಳು.

ಕಟ್ಟಕಡೆಗೆ ಉಳಿದದ್ದು ಒಂದು ಕೊಳವೆ. ಮೊಳದುದ್ದ, ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು, ಮೈಯೆಲ್ಲ ಕಪ್ಪು. ಹೆಡ್‌ಮಾಸ್ಟರು ಅದರ ಚೀಟಿ ಬಿಚ್ಚಿ ಓದಿ, ಮತ್ತೆ ಓದಿ, ನಿಧಾನವಾಗಿ ಎದ್ದು ನಿಂತರು.

"ಹೈದರನದು. ಜೋಪಾನ."

ಬೀದಿಯೆಲ್ಲ ಕತ್ತು ಚಾಚಿತು.

"ಗಮನಿಸಿದಿರೇನಮ್ಮ? ಎಲ್ಲಾ ಚೀಟಿಯಲ್ಲೂ ಪ್ರಶ್ನೆಚಿಹ್ನೆ ಇತ್ತು, ಇದರಲ್ಲಿ ಇಲ್ಲ! ಖಚಿತವಾಗಿ ಗೊತ್ತಿದ್ದೇ ಬರೆದಿದ್ದಾರೆ. ಇದು ಅಗ್ನಿಬಾಣ. ಶ್ರೀರಂಗಪಟ್ಟಣದಲ್ಲಿ ಹೈದರಾಲಿಯ ಸೈನ್ಯ ಹಾರಿಸ್ತಿತ್ತಲ್ಲ, ಅದರ ಕೊಳವೆ!" ಅವರು ಒಳಗೆ ಬೆರಳು ಹಾಕಿ, ಮಸಿ ತೆಗೆದು ಮೂಸಿದರು. "ಮದ್ದು! ಇನ್ನೂ ವಾಸನೆ ಇದೆ!"

"ಮದ್ದಾ? ಅದಕ್ಕೇ ಜೋಪಾನ ಅಂತ ಬರ್ದವ್ರೆ!" ಎಂದು ಭದ್ರಮ್ಮ ಕಿರುಚಿದ್ದೇ ತಡ, ಗೂಡಿಗೆ ಮುಂಗುಸಿ ನುಗ್ಗಿದಾಗಿನ ಕೋಳಿಗಳಂತೆ ಜನ ಚದುರಿತು. ನಂಜುಂಡಸ್ವಾಮಿ ಗೋಣಿಚೀಲವನ್ನೇ ತಲೆಗೆ ಅಡ್ಡ ಹಿಡಿದು ಕಂಬದ ಹಿಂದೆ ನಿಂತ. ಪೊಲೀಸ್ ತಿಮ್ಮಯ್ಯ ಓಡಿಬಂದು ಹತ್ತು ಮಾರು ದೂರದಿಂದಲೇ ಲಾಠಿ ತೋರಿಸಿದ.

"ಯುದ್ಧದ ಕಾಲದಲ್ಲಿ ಮನೇಲಿ ಬಾಂಬ್ ಮಡಿಕ್ಕಂಡಿದ್ದೀರಲ್ಲವ್ವ! ಯಾರಾದ್ರೂ ಅದನ್ನ ನೀರಿಗಾಕ್ರಿ!"

"ನೀನೇ ಆಕು, ಸರ್ಕಾರದ ಸಂಬಳ ತಿನ್ನೋನು ನೀನ್ತಾನೆ?" ಎಂದರು ಭದ್ರಮ್ಮ, ಬಾಗಿಲ ಸಂದಿಯಿಂದ.

ಸುನಂದಮ್ಮ ಎದ್ದು ಕೊಳವೆಯನ್ನು ಬರಿಗೈಯಲ್ಲಿ ಎತ್ತಿಕೊಂಡು ಹೋಗಿ ಅಂಗಳದ ಬಕೆಟ್ಟಿನಲ್ಲಿ ಮುಳುಗಿಸಿದಳು. ಅವಳಿಗೆ ಹೆದರಿಕೆಯಾಗಲಿಲ್ಲ. ಹನ್ನೆರಡು ದಿನದಿಂದ ಅವಳಿಗೆ ಏನೂ ಆಗುತ್ತಿರಲಿಲ್ಲ. ಆದರೆ ನೀರಿನಲ್ಲಿ ಗುಳುಗುಳು ಗುಳ್ಳೆ ಏಳುವುದನ್ನು ನೋಡುತ್ತ, ಇದು ಅವರಿಗೆ ಹೊಳೆಯ ಯಾವ ಮಗ್ಗುಲಲ್ಲಿ ಸಿಕ್ಕಿತು, ತನಗೇಕೆ ಹೇಳಲಿಲ್ಲ ಎಂದು ತಿಳಿಯಬೇಕೆನಿಸಿತು.

ಏನೂ ಸಿಡಿಯಲಿಲ್ಲ. ಜನ ಮತ್ತೆ ಮುತ್ತಿತು. ಹೆಡ್‌ಮಾಸ್ಟರು ಎಲ್ಲರಿಗಿಂತ ಮುಂದೆ ಬಂದು ಪಂಚೆಯ ಚುಂಗು ಸರಿಮಾಡಿಕೊಂಡರು.

"ಕಪಾಟು ಖಾಯಂ ಅಮ್ಮ. ಇದನ್ನ ನಡುವೆ ಇಟ್ಟು, ಆ ಚೀಲದಲ್ಲಿರೋದನ್ನೆಲ್ಲ ಸುತ್ತ ಜೋಡಿಸೋಣ. 'ಬಸವರಾಜು ಸಂಗ್ರಹ' ಅಂತ ಹಲಗೆ ಬರೆಸ್ತೀನಿ. ನಂಜುಂಡಸ್ವಾಮಿ, ಸುರಿಯಪ್ಪ ಚೀಲಾನ!"

ನಂಜುಂಡಸ್ವಾಮಿ ಮುಖ ಹುಳ್ಳಗೆ ಮಾಡಿಕೊಂಡು ಚೀಲ ಸುರಿದ. ಸುನಂದಮ್ಮ ಕೂತು ಒಂದೊಂದನ್ನೇ ಮತ್ತೆ ಸಾಲಾಗಿ ಇಡತೊಡಗಿದಳು.

ಅಷ್ಟರಲ್ಲಿ ಗುಂಪಿನ ಹಿಂದಿನಿಂದ ಕೆಮ್ಮು ಕೇಳಿಸಿತು. ಬಸ್‌ಸ್ಟ್ಯಾಂಡ್ ಬಳಿ ಕೂತು ಊರ ಪಾತ್ರೆಗಳಿಗೆಲ್ಲ ಕಲಾಯಿ ಹಾಕುವ ಮುದುಕ. ಊರಿಗೆಲ್ಲ ಅವನು ಕಲಾಯಿ ಸಾಬರು. ಅವನು ಬಕೆಟ್ಟಿನೊಳಕ್ಕೆ ಬಗ್ಗಿ ನೋಡಿ ಕಂಗಾಲಾದ.

"ಅಮ್ಮಾ, ಅದನ್ನ ಯಾಕೆ ನೀರಿಗೆ ಹಾಕಿದ್ರಿ? ತುಕ್ಕು ಹಿಡೀತದೆ!"

"ದೂರ ನಿಲ್ರೀ ಸಾಬ್ರೆ, ಹೈದರನ ಬಾಣ ಅದು!" ತಿಮ್ಮಯ್ಯ ಲಾಠಿ ಅಡ್ಡ ಹಿಡಿದ.

"ಬಾಣ ಅಲ್ಲ ಸ್ವಾಮಿ, ನನ್ನ ತಿದಿ ಮೂತಿ. ಬೆಂಕಿಗೆ ಗಾಳಿ ಊದೋ ಮೂತಿ. ಮರಳಿಗೆ ಚುಚ್ಚಿ ತೆಗೆದ್ರೆ ಕೆಳಗೇನಿದೆ ಗೊತ್ತಾಗ್ತದೆ, ಎರಡು ದಿನಕ್ಕೆ ಕೊಡಿ ಅಂತ ಮೇಷ್ಟ್ರು ತಗೊಂಡ್‌ಹೋದ್ರು. ಆಮೇಲೆ ಜ್ವರ ಬಂತು." ಅವನು ಸುನಂದಮ್ಮನ ಕಡೆ ತಿರುಗಿದ. "ಸಾವಾದ ಮನೇಲಿ ಹೆಂಗೆ ಕೇಳ್ಲಿ ಅಂತ ಸುಮ್ನಿದ್ದೆ ತಾಯಿ. ಬಿದಿರು ಹಾಕಿದ್ರೆ ಸುಟ್‌ಹೋಗ್ತದೆ, ಮಣ್ಣಿಂದು ಹಾಕಿದ್ರೆ ಒಡೆದ್‌ಹೋಗ್ತದೆ. ಒಂದು ತಿಂಗಳಾಯ್ತು ಕೆಲಸ ಇಲ್ಲ."

"ಮತ್ತೆ ಚೀಟಿ?" ಹೆಡ್‌ಮಾಸ್ಟರು ಚೀಟಿಯನ್ನು ಕೋರ್ಟಿನ ಸಾಕ್ಷಿಯಂತೆ ಎತ್ತಿ ಹಿಡಿದರು. "ಹೈದರನದು ಅಂತ ಸ್ಪಷ್ಟವಾಗಿ ಬರೆದಿದೆಯಲ್ಲ!"

"ನಾನೇ ಹೈದರ್" ಎಂದ ಮುದುಕ.

ಭದ್ರಮ್ಮ ಮೂಗಿನ ಮೇಲೆ ಬೆರಳಿಟ್ಟರು. "ಅಯ್ಯೋ, ನಿಮ್ಗೂ ಒಂದ್ ಹೆಸ್ರಿತ್ತಾ ಸಾಬ್ರೆ?"

"ಇತ್ತವ್ವ. ಮೇಷ್ಟ್ರೊಬ್ಬರೇ ಕರೀತಿದ್ರು."

ಹೆಡ್‌ಮಾಸ್ಟರು ಅಷ್ಟು ಸುಲಭಕ್ಕೆ ಸೋಲುವವರಲ್ಲ. "ಇದು ಎಷ್ಟು ಹಳೇದು?" ಎಂದು ಆಸೆಯಿಂದ ಕೇಳಿದರು.

"ನಮ್ಮಪ್ಪ ಮಾಡಿಸಿದ್ದು."

"ಹಾಗಾದರೆ ಕಪಾಟಿಗೆ ಕೊಟ್ಟುಬಿಡಿ!"

"ಇನ್ನೂ ಊದ್ತದಲ್ಲ ಸ್ವಾಮಿ!"

ಬೀದಿಯ ಕೊನೆಯಲ್ಲಿ ಗುಜರಿಯವನ ಗಾಡಿಯ ಸದ್ದಾಯಿತು. ಹೆಡ್‌ಮಾಸ್ಟರು ಕಪಾಟಿನ ಮಾತೆತ್ತದೆ ಆಕಾಶ ನೋಡಿದರು. ನಂಜುಂಡಸ್ವಾಮಿ ಸದ್ದಿಲ್ಲದೆ ಚೀಲ ಎತ್ತಿಕೊಂಡ. ಸುನಂದಮ್ಮ ಅವನನ್ನು ತಡೆಯಲಿಲ್ಲ. ಕೈಯಲ್ಲಿದ್ದ ಲಾಳದ ಚೂರನ್ನು ತಾನೇ ಚೀಲಕ್ಕೆ ಹಾಕಿದಳು.

ಆಮೇಲೆ ಬಕೆಟ್ಟಿಗೆ ಕೈ ಹಾಕಿ ಕೊಳವೆ ತೆಗೆದು ಜೋರಾಗಿ ಕೊಡವಿದಳು. ಒಳಗಿನ ಮಸಿನೀರು ಹೆಡ್‌ಮಾಸ್ಟರ ಬಿಳಿ ಪಂಚೆಗೆ ಮೊಣಕಾಲಿನವರೆಗೂ ಎರಚಿತು. ಬಾಣ ಸಿಡಿದದ್ದು ಅಷ್ಟೇ. ಭದ್ರಮ್ಮ ನಗು ತಡೆಯಲಾರದೆ ಗೋಡೆಯಾಚೆಗೆ ಓಡಿದರು.

ಸುನಂದಮ್ಮ ಸೆರಗಿನಿಂದ ಕೊಳವೆಯ ಒಳಗೂ ಹೊರಗೂ ಒರೆಸಿದಳು. ಸೆರಗು ಕಪ್ಪಾಯಿತು. ಇನ್ನೊಮ್ಮೆ ಒರೆಸಿ, ಮುದುಕನ ಮುಂದೆ ಎರಡೂ ಕೈಯಲ್ಲಿ ಹಿಡಿದಳು.

"ತಡವಾಯಿತು, ತಪ್ಪು ತಿಳಿಯಬೇಡಿ" ಎಂದಳು. "ತಗೊಳ್ಳಿ, ಹೈದರ್ ಸಾಹೇಬ್ರೆ."