ಮಾಲತೇಶಪ್ಪನ ಕಾರು ಎಬ್ಬಿಸಿದ ಘಾಟು

"ನಾಳೆ ಹನ್ನೊಂದು ಗಂಟೆದೊಳಗ ಈ ಕಾರು ರಾಣೇಬೆನ್ನೂರು ಮುಟ್ಟಲಿಲ್ಲಂದ್ರ ಇದರ ಕೀಲಿ ನಿನ್ನ ಕೈಯಾಗ ಇಡತೇನಿ. ಗುಜರಿಗಾದ್ರೂ ಹಾಕು, ಇದರಾಗ ಸಗಣಿ ಕುಳ್ಳಾದ್ರೂ ಒಟ್ಟು!"

ಹಾವೇರಿಯ ಬೀಜದ ಅಂಗಡಿ ಮಾಲತೇಶಪ್ಪ ಹೆಂಡತಿ ಸುಶೀಲವ್ವನ ಮುಂದೆ ಈ ಭೀಷ್ಮಪ್ರತಿಜ್ಞೆ ಮಾಡಿದ್ದು ಶನಿವಾರ ಬೆಳಿಗ್ಗೆ, ಕಾರಿನ ಕೆಳಗೆ ಮಲಗಿಕೊಂಡು! ಹೊರಗೆ ಎರಡು ಕಾಲು ಮಾತ್ರ ಕಾಣುತ್ತಿದ್ದವು. ಸುಶೀಲವ್ವ ಆ ಕಾಲುಗಳಿಗೇ ಉತ್ತರ ಕೊಟ್ಟಳು.

"ಬಾಡಿಗಿ ಗಾಡಿ ಮಾಡ್ರಿ ಅಂದ್ರ ಕೇಳವಲ್ರಿ. ಮಗಳ ಕುಬಸ ಇಟಗೊಂಡು ಇದೇನ ಹುಚ್ಚಾಟ?"

ಹುಚ್ಚಾಟವೇ ಇರಬಹುದು. ಆದರೆ ಮಾಲತೇಶಪ್ಪನಿಗೆ ಅದರ ಹಿಂದೆ ಒಂದು ಕಾರಣವಿತ್ತು. ಹದಿನೆಂಟು ವರ್ಷದ ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತೇ ಮಗಳು ಸುನಿತಾ ಶಾಲೆ ಕಲಿತಿದ್ದಳು, ಅದರಲ್ಲೇ ಅಳುತ್ತ ರಾಣೇಬೆನ್ನೂರಿನ ಗಂಡನ ಮನೆಗೆ ಹೋಗಿದ್ದಳು. ಈಗ ಆಕೆ ಏಳು ತಿಂಗಳ ಬಸುರಿ. ಐತವಾರ ಕುಬಸ, ಅಂದರೆ ಸೀಮಂತ, ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಬರುವಾಗ ಅದೇ ಸೀಟಿನಲ್ಲಿ ನಗುತ್ತ ಬರಬೇಕು. ಬಾಯಿಬಿಟ್ಟು ಹೇಳಲು ನಾಚಿಕೆ, ಆದರೆ ಆ ಸೀಟು ನೋಡಿದಾಗಲೆಲ್ಲ ಅವನಿಗೆ ಗಂಟಲು ಕಟ್ಟುತ್ತಿತ್ತು.

ಕಟ್ಟಿದ್ದು ಗಂಟಲು ಮಾತ್ರವಲ್ಲ. ತಿಂಗಳಿಂದ ಕಾರು ಸ್ವಲ್ಪ ಏರು ಕಂಡರೂ ಏದುಸಿರು ಬಿಡುತ್ತಿತ್ತು. ಅಗಡಿ ಹಳ್ಳಿಯಿಂದ ಹಾಲು ತರುವವನು ಸೈಕಲ್ಲಿನ ಬೆಲ್ ಹೊಡೆದು, "ಬಾಜೂ ಸರಕೊಳ್ರೀ ಸಾವ್ಕಾರ್ರ" ಎಂದು ದಾಟಿ ಹೋದ ದಿನ ಮಾಲತೇಶಪ್ಪನ ಮಾನ ಹೆದ್ದಾರಿಯ ಪಾಲಾಗಿತ್ತು. ಮೋಟೆಬೆನ್ನೂರಿನಲ್ಲಿ ಗ್ಯಾರೇಜು ಇಟ್ಟಿರುವ ಹುಲಿಗೇಶ ಬಗ್ಗಿ ನೋಡಿ ಹೇಳಿದ್ದ: "ಸೈಲೆನ್ಸರ್ ಪೈಪಿನ್ಯಾಗ ಹೊಗಿ ಸೋಸೂ ಡಬ್ಬಿ ಕಟ್ಟೇತ್ರಿ. ಕ್ಯಾಟಲಿಟಿಕ್ ಕನ್ವರ್ಟರ್ ಅಂತಾರ. ಹಿಂಗ ಓಡಿಸಿದ್ರ ಇಂಜಿನ್ ಕುಂದರತೈತಿ. ಆದರ ಡಬ್ಬಿಗಿಂತ ಮೊದಲ ಅದು ಯಾಕ ಕಟ್ಟೇತಿ ಅಂತ ನೋಡಬೇಕ್ರಿ..."

ಮಾಲತೇಶಪ್ಪ "ಡಬ್ಬಿ ಕಟ್ಟೇತಿ" ಎನ್ನುವವರೆಗೆ ಕೇಳಿ ಎದ್ದು ಬಂದಿದ್ದ. ಕಟ್ಟಿದ್ದನ್ನು ಬಿಡಿಸಲು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ! ಔಷಧ ಹೊಡೆಯುವ ಪಂಪಿನ ನಾಝಲ್ ಕಟ್ಟಿತೆಂದು ಬಂದ ರೈತರಿಗೆ ಮೂವತ್ತು ವರ್ಷದಿಂದ ಅವನ ಉಪದೇಶ ಒಂದೇ: ಬಿಸಿನೀರಿಗೆ ಸೋಡಾ ಹಾಕು, ನೆನೆಯಿಡು, ಹಿಂದಿನಿಂದ ಊದು. ನಾಝಲ್ ಸಣ್ಣದು, ಇದು ದೊಡ್ಡದು. ಅಷ್ಟೇ ತಾನೆ?

ಮಧ್ಯಾಹ್ನದ ಹೊತ್ತಿಗೆ ಡಬ್ಬಿ ಬಿಚ್ಚಿಕೊಂಡು, ಮುಖವೆಲ್ಲ ಮಸಿ ಮಾಡಿಕೊಂಡು ಹೊರಬಂದ. ಸುಶೀಲವ್ವ ನೋಡಿ ನಿಟ್ಟುಸಿರು ಬಿಟ್ಟಳು.

"ಇದಕ್ಕ ದೃಷ್ಟಿ ಆಗೇತ್ರಿ. ಇಳಿಸಿ ಒಗೀತೇನಿ."

"ದೃಷ್ಟಿ ಅಂತ ದೃಷ್ಟಿ! ಇದು ವಿಜ್ಞಾನ, ವಿಜ್ಞಾನ! ಬಾ ಇಲ್ಲಿ. ಒಳಗ ನೋಡು, ಜೇನಹುಟ್ಟಿನಂಗ ತೂತು. ಇಂಜಿನ್ನಿನ ಹೊಗಿ ಇಲ್ಲಿ ಬಂದು ಸುಟ್ಟು ಸ್ವಚ್ಛ ಆಗತೈತಿ. ಇದನ್ನ ಡಬ್ಬಿ ಅಂತ ತಿಳೀಬ್ಯಾಡ, ಇದು ಒಲಿ! ನಿನ್ನ ಗ್ಯಾಸಿನ ಒಲಿ ಇದರ ಮುಂದ ಕಡ್ಡಿಪೆಟಗಿ!"

"ಖರೇನ ಒಲಿ ಏನ್ರಿ ಇದು?"

"ಖರೇ! ಏನ ಹಾಕಿದ್ರೂ ಬೂದಿ!"

ಸುಶೀಲವ್ವ ಹೂಂ ಎಂದಳು. ಆ ಹೂಂಕಾರದ ಬೆಲೆ ಮಾಲತೇಶಪ್ಪನಿಗೆ ಆಗ ತಿಳಿಯಲಿಲ್ಲ.

ಸ್ನಾನದ ಹಂಡೆಯಲ್ಲಿ ಸೋಡಾ ನೀರು ಕುದಿಯಿತು. ಡಬ್ಬಿ ಅದರಲ್ಲಿ ಮುಳುಗಿತು. ಹಂಡೆ ಎಂದೆಂದಿಗೂ ಕರ್ರಗಾಯಿತು. ಪಂಪಿನಿಂದ ಹಿಂದುಮುಂದಾಗಿ ಊದಿದ್ದಾಯಿತು. ಬಳಿಕ ಅದನ್ನು ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಮಾಲತೇಶಪ್ಪ ಅಂಗಡಿಗೆ ಹೋದ.

ಸಂಜೆ ಸುಶೀಲವ್ವ ಏಳು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು ಹಿಡಿದು ಕಾರಿಗೆ ಮೂರು ಸುತ್ತು ಇಳಿ ತೆಗೆದಳು. ಇಳಿ ತೆಗೆದದ್ದನ್ನು ಬೆಂಕಿಗೆ ಹಾಕಬೇಕು. ಘಾಟು ಬಾರದಿದ್ದರೆ ದೃಷ್ಟಿ ಆಗಿತ್ತೆಂದು ಲೆಕ್ಕ, ಬಂದರೆ ದೃಷ್ಟಿ ಇಲ್ಲ. ಹಿಂದಿನ ಸಲ ಗ್ಯಾಸಿನ ಮೇಲೆ ಸುಟ್ಟಾಗ ಓಣಿಯೆಲ್ಲ ಕೆಮ್ಮಿ, ಪಕ್ಕದ ಮನೆ ನಜ್ಮಾ ಮೂರು ದಿನ ಮಾತು ಬಿಟ್ಟಿದ್ದಳು. ಈ ಸಲ ಸುಶೀಲವ್ವ ಬರಿಗೈಯಲ್ಲಿ ಒಳಗೆ ಬಂದಳು. ಓಣಿಯಲ್ಲಿ ಯಾರೂ ಕೆಮ್ಮಲಿಲ್ಲ.

ಐತವಾರ ಬೆಳಿಗ್ಗೆ ಮಾಲತೇಶಪ್ಪ ಡಬ್ಬಿ ತಿರುಗಿ ಜೋಡಿಸಿದ. ಹಸಿರು ಸೀರೆ, ಬಳೆ, ಬುತ್ತಿಗಂಟು ಎಲ್ಲ ಹಿಂದಿನ ಸೀಟಿಗೇರಿದವು. ಕಾರು ಹೊರಟಿತು. ಊರು ದಾಟಿ ಹೆದ್ದಾರಿ ಹಿಡಿದಾಗ ಪರವಾಗಿಲ್ಲ ಎನ್ನುವ ಹಾಗೆ ಓಡಿತು ಕೂಡ!

"ಏನಂತಿ ಈಗ?"

"ಮುಂದ ನೋಡಿ ಹೊಡೀರಿ."

ಹತ್ತು ಮೈಲಿಯೂ ಆಗಿರಲಿಲ್ಲ. ಹಿಂದೆ ಬರುತ್ತಿದ್ದ ಬೈಕಿನವನು ಎಂಟು ಸಲ ಸೀನಿ ಗಾಡಿ ನಿಲ್ಲಿಸಿ ಹೊಲಕ್ಕಿಳಿದ. ಹಿಂದೆಯೇ ಬಂದ ಬಸ್ಸಿನ ಕಂಡಕ್ಟರು ಸೀಟಿ ಊದಲು ಬಾಯಿ ತೆರೆದವನು ಊದದೆ ಕೆಮ್ಮಿದ. ಬಸ್ಸಿನ ಕಿಟಕಿಗಳೆಲ್ಲ ಪಟಪಟ ಮುಚ್ಚಿದವು. ಮೋಟೆಬೆನ್ನೂರು ಕ್ರಾಸಿನಲ್ಲಿ ಕಾರು ಎರಡು ಸಲ ಬಿಕ್ಕಳಿಸಿ, ಚಹಾದಂಗಡಿಯ ಮುಂದೆ ನಿಂತೇಬಿಟ್ಟಿತು. ಹೊಟ್ಟೆಯಡಿಯಿಂದ ಹೊಗೆ, ಹೊಗೆಯ ಜೊತೆಗೆ ಘಾಟು! ಚಹಾ ಕುಡಿಯುತ್ತಿದ್ದವರು ಕಪ್ಪು ಬಿಟ್ಟು ಕೂಗುತ್ತ ಓಡಿದರು.

"ಬ್ಯಾಡಗಿಯಾಗ ಮೆಣಸಿನಕಾಯಿ ಲಾರಿಗೆ ಬೆಂಕಿ ಹತ್ತೇತ್ರಪೋ!"

ಕೂಡಲೇ ಬ್ಯಾಡಗಿಗೆ ಮೂರು ಫೋನು ಹೋದವು. ಅಲ್ಲಿ ಎಲ್ಲ ತಣ್ಣಗಿತ್ತು. ಆಗ ಬಸ್ಸಿಗಾಗಿ ಕಾಯುತ್ತಿದ್ದ ಹೊಳಿಯವ್ವ ಮುಂದೆ ಬಂದಳು. ಇಪ್ಪತ್ತು ವರ್ಷದಿಂದ ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಮುದುಕಿ. ಕಣ್ಣು ಮುಚ್ಚಿ ಒಮ್ಮೆ ಮೂಸಿ ತೀರ್ಪು ಕೊಟ್ಟಳು: "ಇದು ನಮ್ಮ ಬ್ಯಾಡಗಿ ಕಾಯಿ ಅಲ್ರಿ. ನಮ್ಮದು ಬಣ್ಣಾ ಕೊಡತೈತಿ, ಇಷ್ಟು ಘಾಟು ಬರಾಂಗಿಲ್ಲ. ಇದು ಗುಂಟೂರು ಮಾಲು!"

"ಹೌದ್ರಿ, ಗುಂಟೂರು" ಎಂದಳು ಸುಶೀಲವ್ವ, ಸೆರಗಿನಿಂದ ಮೂಗು ಮುಚ್ಚಿಕೊಂಡು. "ದೃಷ್ಟಿ ತಗ್ಯಾಕ ಬ್ಯಾಡಗಿ ಕಾಯಿ ಯಾರ ಸುಡತಾರ? ತುಟ್ಟಿ ಅಲ್ಲೇನ್ರಿ?"

ಮಾಲತೇಶಪ್ಪ ಕೆಮ್ಮುತ್ತ ಹೆಂಡತಿಯತ್ತ ತಿರುಗಿದ. "ಅಂದ್ರ... ನೀ ಅವನ್ನ ಎಲ್ಲಿ ಹಾಕಿದಿ?"

"ನಿಮ್ಮ ಡಬ್ಬಿಯಾಗ! ಏನ ಹಾಕಿದ್ರೂ ಬೂದಿ ಅಂತ ನೀವ ಹೇಳಿದ್ರಲ್ರಿ?"

ಅಷ್ಟರಲ್ಲಿ ಮೂಗಿಗೆ ಟವೆಲ್ ಕಟ್ಟಿಕೊಂಡು ಹುಲಿಗೇಶ ಓಡಿಬಂದ. ಕಾರನ್ನು ಗ್ಯಾರೇಜಿಗೆ ತಳ್ಳಿಸಿ, ಆರಿದ ಮೇಲೆ ಡಬ್ಬಿ ಬಿಚ್ಚಿ ಬೋರಲು ಹಾಕಿದ. ಸುಟ್ಟು ಕರಕಾದ ಕಾಯಿಗಳು ಒಂದೊಂದಾಗಿ ಬಿದ್ದವು. ಸುಶೀಲವ್ವ ಎಣಿಸಿದಳು. ಏಳಕ್ಕೆ ಏಳೂ ಇದ್ದವು.

"ಕಂಡ್ಯಾ ಹುಲಿಗೇಶಾ?" ಮಾಲತೇಶಪ್ಪನಿಗೆ ಹೋದ ಜೀವ ಬಂತು. "ನಾ ಸ್ವಚ್ಛ ಮಾಡಿದ್ದನ್ನ ಇಕಿ ಕೆಡಿಸಿದ್ಲು!"

"ಕಾಯಿ ಘಾಟು ಕೊಟ್ಟಾವು ಅಷ್ಟ ರೀ, ಗಾಡಿ ನಿಲ್ಲಿಸಿಲ್ಲ. ಒಳಗ ನೋಡ್ರಿ, ಜೇನಹುಟ್ಟಿನಂಥ ಜಾಲಿ ಕರಗಿ ಗಟ್ಟಿ ಆಗೇತಿ. ನಿಮ್ಮ ಇಂಜಿನ್ ಆಯಿಲ್ ಕುಡದು ಸುಡಾಕತ್ತೇತಿ, ಪ್ಲಗ್ಗು ನೆಟ್ಟಗ ಕಿಡಿ ಕೊಡವಲ್ವು. ಸುಡದ ಪೆಟ್ರೋಲು ಇಲ್ಲಿ ಬಂದು ಉರಿಯಾಕತ್ತೇತಿ. ಸೋಡಾ ಹಾಕಿ ತೊಳದ್ರ ಇದು ಹೋದೀತ? ಇನ್ನ ಹತ್ತು ಕಿಲೋಮೀಟರ್ ಒತ್ತಿ ಹೊಡದಿದ್ರ ಇಂಜಿನ್ ಕೈಬಿಡತಿತ್ತು. ಈ ಘಾಟಿಗೆ ನಾ ಓಡಿ ಬಂದೆ, ಇಲ್ಲಾಂದ್ರ ನೀವು ಮತ್ತ ಚಾಲೂ ಮಾಡತಿದ್ರಿ. ಅವ್ವಾರ ಮೆಣಸಿನಕಾಯಿನ ನಿಮ್ಮ ಇಂಜಿನ್ ಉಳಿಸ್ಯಾವು! ಅಲ್ರಿ, ಆಯಿಲ್ ಯಾವಾಗ ಬದಲಿ ಮಾಡಿಸಿದ್ರಿ?"

ಮಾಲತೇಶಪ್ಪ ಆಕಾಶ ನೋಡಿದ. "ಸುನಿತಾನ ಮದುವಿ ಮುಂದ..."

"ಮೂರು ವರ್ಷ ಆತು" ಎಂದಳು ಸುಶೀಲವ್ವ.

ಹುಲಿಗೇಶ ಟವೆಲ್ಲಿನೊಳಗೇ ನಕ್ಕ. "ಬೀಜೋಪಚಾರ ಮಾಡದ ಬಿತ್ತಿ, ರೋಗ ಬಂದ ಮ್ಯಾಲೆ ಔಷಧ ಹೊಡದ್ರ ಏನ ಬಂತಲೇ ಅಂತ ಹ್ವಾದ ವರ್ಷ ನನ್ನ ಹೊಲ ಕೆಟ್ಟಾಗ ಬೈದವರು ಯಾರ್ರಿ ಸಾವ್ಕಾರ್ರ?"

ಮಾಲತೇಶಪ್ಪನಿಗೆ ಶನಿವಾರದ ಪ್ರತಿಜ್ಞೆ ನೆನಪಾಯಿತು. ಜೇಬಿನಿಂದ ಕೀಲಿ ತೆಗೆದು ಸುಶೀಲವ್ವನ ಕೈಯಲ್ಲಿಟ್ಟ. ಆಕೆ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹುಲಿಗೇಶನಿಗೆ ಹೇಳಿದಳು: "ಗುಜರಿಗೆ ಬ್ಯಾಡಪಾ. ಇಂಜಿನ್ ಮೊದಲ ಸರಿ ಮಾಡು, ಆಮ್ಯಾಲೆ ಡಬ್ಬಿ ಹೊಸಾದು ಹಾಕು. ಮಮ್ಮಗ ಇದರಾಗ ಶಾಲೀಗಿ ಹೋಗಬೇಕು." ಮಾಲತೇಶಪ್ಪ ಹಿಂದಿನ ಸೀಟಿನಿಂದ ಸೀರೆ, ಬಳೆ, ಬುತ್ತಿಗಂಟು ಇಳಿಸಿ, ಆ ಸೀಟನ್ನು ಅಂಗೈಯಿಂದ ಒರೆಸಿದ.

ಬ್ಯಾಡಗಿಯಿಂದ ರಾಣೇಬೆನ್ನೂರಿಗೆ ಹೊರಟಿದ್ದ ಒಂದು ಮೂರು ಗಾಲಿಯ ಟಂಟಂ ಸಿಕ್ಕಿತು. ಅದರ ತುಂಬ ಮೆಣಸಿನಕಾಯಿ ಚೀಲ! ಚೀಲಗಳ ಮೇಲೆ ಕೂತು, ಸೀನುತ್ತ, ಗಂಡಹೆಂಡತಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ರಾಣೇಬೆನ್ನೂರು ಮುಟ್ಟಿದರು. ಬಾಗಿಲಲ್ಲಿ ಸುನಿತಾ ನಿಂತಿದ್ದಳು. ಮಾಲತೇಶಪ್ಪನ ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಅದರಲ್ಲಿ ಅರ್ಧ ಮೆಣಸಿನಕಾಯಿಯದು, ಅರ್ಧ ನಿಜವಾಗಿಯೂ ಮಗಳಿಗಾಗಿ.

"ಅಪ್ಪಾ, ಕಾರು?"

ಮಾಲತೇಶಪ್ಪ ಮೆಣಸಿನಕಾಯಿ ಹತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡ, ನೀರು ಇನ್ನೂ ಜೋರಾಯಿತು. ಬೀಗತಿ ಪ್ರೇಮವ್ವನಿಗೆ ಕರುಳು ಚುರ್ರೆಂದಿತು. "ಅಳಬ್ಯಾಡ್ರಿ ಬೀಗರ. ಅಷ್ಟ ಛಂದ ಇಟ್ಟಿದ್ರಿ ಗಾಡಿ. ಯಾರದರ ದೃಷ್ಟಿ ಬಿದ್ದೀತು."

ಮುಳುಗುವವನಿಗೆ ಹುಲ್ಲುಕಡ್ಡಿ! ವಿಜ್ಞಾನವನ್ನು ಅಲ್ಲೇ ಹೊಸ್ತಿಲಲ್ಲಿ ಬಿಟ್ಟು ಮಾಲತೇಶಪ್ಪ ಜೋರಾಗಿ ತಲೆಯಾಡಿಸಿದ. "ಹೌದ್ರಿ, ಹೌದ್ರಿ! ದೃಷ್ಟಿನ ರಿ! ಖರೇ ಹೇಳಿದ್ರಿ!"

ಸುಶೀಲವ್ವ ಬುತ್ತಿಗಂಟು ಕೆಳಗಿಳಿಸಿದಳು.

"ದೃಷ್ಟಿ ಗಿಷ್ಟಿ ಏನೂ ಇಲ್ರಿ ಬೀಗತೇರ. ಏಳು ಕಾಯಿ ಸುಟ್ಟು ನೋಡೇನಿ, ಮೋಟೆಬೆನ್ನೂರು ತುಂಬ ಘಾಟು ಬಂದೇತಿ. ಇದು ಪೂರಾ ಇವರದ ಕೆಲಸ. ಪರೀಕ್ಷಾ ಮಾಡಿ ಹೇಳಾಕತ್ತೇನ್ರಿ. ವಿಜ್ಞಾನ!"