ಹದಿಮೂರು ಅಡಿಯ ಮಷಿನ್ನು, ಹನ್ನೊಂದು ಅಡಿಯ ಅಂಗಡಿ

ನನ್ನ ತಮ್ಮನಿಗೆ ನಿರ್ಧಾರ ಮಾಡಲು ಬರುವುದಿಲ್ಲ ಎಂದು ಕೊಟ್ಟೂರಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಒಂದೇ ವಿಷಯಕ್ಕೆ ದಿನಕ್ಕೆ ನಾಲ್ಕು ನಿರ್ಧಾರ ಮಾಡುವವನು ಅವನು! ಬೆಳಗಿನ ಚಹಾಕ್ಕೆ ಮುಂಚೆ ಫ್ಲೆಕ್ಸ್ ಮಷಿನ್ನು ಕೊಳ್ಳುತ್ತಾನೆ, ಚಹಾ ಕುಡಿದ ಮೇಲೆ ಬಿಡುತ್ತಾನೆ. ಮಂಡಕ್ಕಿ ಮಿರ್ಚಿ ತಿನ್ನುವಾಗ ಮತ್ತೆ ಕೊಳ್ಳುತ್ತಾನೆ. ಕೈ ತೊಳೆಯುವ ಹೊತ್ತಿಗೆ ಮಷಿನ್ನಿನಿಂದಲೂ ಕೈ ತೊಳೆದುಕೊಂಡಿರುತ್ತಾನೆ!

ಅವನು ನನ್ನ ಚಿಕ್ಕಪ್ಪನ ಮಗ. ಆರು ವರ್ಷದವನಿದ್ದಾಗಿನಿಂದ ನಮ್ಮ ಮನೆಯಲ್ಲೇ ಬೆಳೆದವನು. ಬಹಳ ವರ್ಷ ಕುಂಚ ಹಿಡಿದು ಬೋರ್ಡು ಬರೆದ. ಈಗ ಕಂಪ್ಯೂಟರಿನಲ್ಲಿ ಬ್ಯಾನರ್ ಮಾಡುತ್ತಾನೆ. ಆದರೆ ಅದು ಪ್ರಿಂಟ್ ಆಗುವುದು ಹೊಸಪೇಟೆಯಲ್ಲಿ. ಸುರುಳಿ ಸಂಜೆಯ ಬಸ್ಸಿಗೆ ಬರಬೇಕು. ಬರುತ್ತದೆಯೇ? ಒಮ್ಮೆ ಒಂದು ಗೃಹಪ್ರವೇಶದ ಬ್ಯಾನರ್ ಸೀಟಿನಡಿಯೇ ಉಳಿದು, ಹರಪನಹಳ್ಳಿ ದಾಟಿ, ತೆಲಿಗಿ ನೋಡಿಕೊಂಡು ಬಂತು. ಮನೆಯವರು ಒಳಗೆ ಹೋಗಿ ಹಾಲು ಉಕ್ಕಿಸಿ ಮೂರು ದಿನವಾದ ಮೇಲೆ ಬಾಗಿಲಿಗೆ ‘ಸುಸ್ವಾಗತ’ ಬಿತ್ತು! ಅಷ್ಟರಲ್ಲಿ ಬಸ್ ನಿಲ್ದಾಣದ ಎದುರು ಸ್ವಂತ ಮಷಿನ್ನು ಇಟ್ಟುಕೊಂಡ ಹೊಸ ಅಂಗಡಿಯೊಂದು ಬಾಗಿಲು ತೆರೆಯಿತು. ಗಿರಾಕಿಗಳು ಒಬ್ಬೊಬ್ಬರಾಗಿ ಅತ್ತ ಹೊರಟರು. ಇವನು ಮಷಿನ್ನು ತರಬೇಕು, ಇಲ್ಲವೇ ಅಂಗಡಿ ಮುಚ್ಚಬೇಕು. ಮೂರನೆಯ ದಾರಿ ಇರಲಿಲ್ಲ.

ನಾನು ನಿವೃತ್ತ ಮಾಸ್ತರ. ಐದಕ್ಕೆ ಏಳುವವನು, ಎಂಟಕ್ಕೆ ತಿಂಡಿ ಮುಗಿಸುವವನು. ಪಡಸಾಲೆಯ ನನ್ನ ಕುರ್ಚಿ ನಾಲ್ಕು ಬೆರಳು ಸರಿದರೂ ನನಗೆ ಊಟ ಸೇರುವುದಿಲ್ಲ. ಅದಕ್ಕೆಂದೇ ನಾಲ್ಕೂ ಕಾಲಿನ ಸುತ್ತ ಸೀಮೆಸುಣ್ಣದ ಗುರುತು ಹಾಕಿದ್ದೇನೆ. ತಮ್ಮ ಬಂದಾಗಲೆಲ್ಲ, “ಅಣ್ಣಾ, ಕುರ್ಚಿ ಓಡಿ ಹೋದ್ರ ಪೊಲೀಸ್ರಿಗೆ ತೋರ್ಸಾಕೇನು ಇದು?” ಎನ್ನುತ್ತಾನೆ. ನಗಲಿ. ಶಿಸ್ತು ಇಲ್ಲದವರ ನಗುವಿಗೆ ಉತ್ತರ ಕೊಡಬಾರದು.

ಅವನಿಗೂ ಶಿಸ್ತು ಕಲಿಸೋಣವೆಂದು ಒಂದು ಹಾಳೆಯ ನಡುವೆ ಗೆರೆ ಎಳೆದು ಕೊಟ್ಟೆ. “ಎಡಕ್ಕ ಲಾಭ, ಬಲಕ್ಕ ನಷ್ಟ ಬರಿ. ಸೋಮವಾರ ಹತ್ತಕ್ಕ ತಗೊಂಡು ಬಾ.” ಹತ್ತಕ್ಕೇ ತಂದ, ಅದೇ ದೊಡ್ಡ ಆಶ್ಚರ್ಯ! ನೋಡುತ್ತೇನೆ, ಎಡಕ್ಕೆ ‘ಲಾಭ’ ಎಂದು ಬರೆದು, ಹಳದಿ ತುಂಬಿ, ಕೆಂಪು ಅಂಚು ಕಟ್ಟಿ, ನೆರಳು ಬಿಟ್ಟು, ಸುತ್ತ ಬಳ್ಳಿ ಹಬ್ಬಿಸಿದ್ದಾನೆ. ಕೆಳಗೆಲ್ಲ ಖಾಲಿ!

“ಲೇ, ಲಾಭ ಎಲ್ಲೈತೋ?”

“ಕಾಣವಲ್ದೇನಣ್ಣಾ? ಅಷ್ಟು ದಪ್ಪಗ ಬರದೀನಲ್ಲ!”

ಆಮೇಲೆ ಅಂಗಡಿಗೆ ಬಂದವರನ್ನೆಲ್ಲ ಮಷಿನ್ನು ತರಲೋ ಬೇಡವೋ ಎಂದು ಕೇಳತೊಡಗಿದ. ಮೊಮ್ಮಗಳ ಹುಟ್ಟುಹಬ್ಬದ ಬ್ಯಾನರ್ ಹೇಳಲು ಗುಡೇಕೋಟೆಯಿಂದ ಬಂದಿದ್ದ ಒಬ್ಬ ಅಜ್ಜನನ್ನೂ ಬಿಡಲಿಲ್ಲ. ಅಜ್ಜ ದನದ ಸಂತೆಯಲ್ಲಿ ಹಲ್ಲು ಎಣಿಸಿ ಪಳಗಿದವನು.

“ಏನು ತಿಂತೈತಪ ಅದು?”

“ತಿನ್ನಾದಲ್ಲಜ್ಜಾ, ಇಂಕು ಕುಡಿತೈತಿ.”

“ಕೆಲ್ಸ ಇಲ್ದಾಗ ಸುಮ್ನ ಕಟ್ಟಿದ್ರ?”

“ಒಳಗ ಇಂಕು ಒಣಗಿ ಕೆಟ್ಟ ಹೋಗತೈತಿ.”

“ಹಂಗಾರ ಎಮ್ಮಿ ತಗಾ ತಮ್ಮಾ. ಸುಮ್ನ ಕಟ್ಟಿದ್ರೂ ಸಗಣಿನಾರ ಹಾಕತೈತಿ!”

ಆವತ್ತು ಮಧ್ಯಾಹ್ನದವರೆಗೆ ತಮ್ಮ ಎಮ್ಮೆ ಕೊಳ್ಳುವ ನಿರ್ಧಾರದಲ್ಲಿದ್ದ.

ಕೊನೆಗೆ ನಾನೇ ಅವನನ್ನು ಬಸ್ಸು ಹತ್ತಿಸಿಕೊಂಡು ಹರಪನಹಳ್ಳಿಗೆ ಹೋದೆ. ಅಲ್ಲೊಬ್ಬರು ತಮ್ಮ ಹಳೆಯ ಮಷಿನ್ನು ಮಾರುವವರಿದ್ದರು. ಒಳ್ಳೆಯ ಮಷಿನ್ನೇ, ಅದರ ತಲೆ ಮಗ್ಗದ ಲಾಳಿಯ ಹಾಗೆ ಅತ್ತಿಂದಿತ್ತ ಓಡಾಡುತ್ತ ಬಣ್ಣ ಹಾಸುತ್ತಿತ್ತು. ಪರೀಕ್ಷೆಗೆಂದು ತಮ್ಮ ಪೆನ್‌ಡ್ರೈವಿನಲ್ಲಿ ‘ಕೊಟ್ಟೂರು ನಮ್ಮ ಊರು’ ಎಂದು ಬರೆದು ತಂದಿದ್ದ. ಹೊರಗೆ ಬಂದದ್ದು ‘ಕೊಟೂರು ನಮ ಊರು’! ಅವರ ಕಂಪ್ಯೂಟರಿಗೆ ಇವನ ಫಾಂಟು ಹೊಂದದೆ ಒತ್ತಕ್ಷರಗಳೇ ಮಾಯ. ನಾನು ಕನ್ನಡಕ ಸರಿಮಾಡಿಕೊಂಡೆ. ತಮ್ಮ ಮಾತ್ರ ಕುಣಿದಾಡಿದ.

“ಅಣ್ಣಾ, ಇದೂ ಒತ್ತು ನುಂಗತೈತಿ! ಥೇಟ್ ನನ್ನಂಗ!”

ಹೌದು, ಸಣ್ಣವನಿದ್ದಾಗ ಅವನು ಬರೆದರೆ ಅಕ್ಕ ‘ಅಕ’ ಆಗುತ್ತಿದ್ದಳು, ಹಳ್ಳಿ ‘ಹಳಿ’ ಆಗುತ್ತಿತ್ತು. ನುಂಗಿದ ಒಂದೊಂದು ಒತ್ತಿಗೂ ಒಂದೊಂದು ಪೆಟ್ಟು ಕೊಟ್ಟವನು ನಾನೇ.

“ಭಾನುವಾರದೊಳಗೆ ಹೇಳಿಬಿಡಿ ಸಾರ್, ಹಗರಿಬೊಮ್ಮನಹಳ್ಳಿಯವರೂ ಕೇಳ್ಯಾರೆ,” ಎಂದರು ಮಾಲೀಕರು.

ಇದ್ದದ್ದು ಒಂದೇ ತೊಡಕು. ಮಷಿನ್ನಿನ ಉದ್ದ ಹದಿಮೂರು ಅಡಿ. ಅಂಗಡಿ ಎಂದರೆ ನಮ್ಮ ಹಳೆಯ ಮನೆಯ ಮುಂದಿನ ಕೋಣೆ, ಹನ್ನೊಂದೇ ಅಡಿ. ಹಿಂದಿನ ಗೋಡೆ ಒಡೆದರೆ ಮುಗಿಯಿತು. ಆದರೆ ಗೋಡೆ ಎಂದ ಕೂಡಲೇ ತಮ್ಮ ಮುಖ ತಿರುಗಿಸುತ್ತಿದ್ದ. ಗುರುವಾರ ಕೇಳಿದರೆ ವಾಸ್ತು ಎಂದ. ಶುಕ್ರವಾರ ಕೇಳಿದರೆ, “ಅದರಾಗ ಹಲ್ಲಿ ಬಾಣಂತಿ ಅದಾಳಣ್ಣಾ!” ಎಂದ. ಇಷ್ಟು ದಿನದಲ್ಲಿ ಬೆಳಗಿನಿಂದ ಸಂಜೆಯವರೆಗೆ ಬದಲಾಗದ ಅವನ ನಿರ್ಧಾರ ಎಂದರೆ ಇದೊಂದೇ.

ಶನಿವಾರ ಬೆಳಿಗ್ಗೆ ಏಳಕ್ಕೆ ಅಳತೆ ಟೇಪು ಹಿಡಿದು, ಗೋಡೆ ಒಡೆಯಲು ಗೌಂಡಿಯನ್ನೂ ಕರೆದುಕೊಂಡು ಹೋದೆ. ತಮ್ಮ ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈ ಚಾಚಿ ನಿಂತಿದ್ದ. ಬೆನ್ನ ಹಿಂದೆ ವರ್ಷಗಟ್ಟಲೆಯಿಂದ ತೂಗುಬಿದ್ದ ಒಂದು ಹಳೆಯ ಬ್ಯಾನರ್.

“ಸರಿಯೋ ಅತ್ತಾಗ!” ಎಂದು ಬ್ಯಾನರ್ ಎಳೆದೇ ಬಿಟ್ಟೆ.

ಹಿಂದೆ ಸುಣ್ಣ ಬಳಿಯದೆ ಉಳಿಸಿದ ಒಂದು ಚೌಕ. ಅದರಲ್ಲಿ ಇದ್ದಿಲಿನಿಂದ ಗೀಚಿದ ಸೊಟ್ಟ ಅಕ್ಷರಗಳು: ‘ನಮ ಅಣ’. ಎರಡೂ ಕಡೆ ಕೆಳಗೆ ಕೆಂಪು ಒತ್ತು. ಪಕ್ಕದಲ್ಲಿ, ‘ಹತ್ತು ಸಲ ಬರೆ’. ಅದು ನನ್ನ ಕೈಬರಹ, ಅಂದು ಕೆಂಪು ಸೀಮೆಸುಣ್ಣದಲ್ಲಿ ತಿದ್ದಿದ್ದು. ಕೆಳಗೆ ಹತ್ತು ಸಲ, ಒತ್ತು ಬಿಡದೆ, ‘ನಮ್ಮ ಅಣ್ಣ’.

ಸೀಮೆಸುಣ್ಣ ಇಷ್ಟು ವರ್ಷ ಉಳಿಯುವುದುಂಟೆ? ಬೆರಳಿನಿಂದ ಉಜ್ಜಿದೆ. ಉದುರಲಿಲ್ಲ. ನನ್ನ ಒಂದೊಂದು ಗೆರೆಯ ಮೇಲೂ, ಎಳೆಯಷ್ಟೂ ಆಚೀಚೆ ಆಗದಂತೆ, ಕೆಂಪು ಬಣ್ಣ ಎಳೆದಿದ್ದ.

“ಅಳಿಸಿ ಹೊಂಟಿತ್ತಣ್ಣಾ,” ಎಂದ ತಮ್ಮ, ಎತ್ತಲೋ ನೋಡುತ್ತ.

“ಎಲ್ಲಿಂದ ಒಡೀಲ್ರೀ ಮಾಸ್ತರ?” ಎಂದ ಗೌಂಡಿ.

ನಾನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡೆ. “ಒಡಿಯಾದು ಬ್ಯಾಡ. ಲೇ ತಮ್ಮಾ, ಹರಪನಹಳ್ಳಿಗೆ ಫೋನ್ ಹಚ್ಚು. ನನ್ನ ಪಡಸಾಲಿ ಹದಿನಾರು ಅಡಿ ಐತಿ. ಮಷಿನ್ನು ಅಲ್ಲಿ ಇಡು.”

“ಮತ್ತ ನಿನ್ನ ಕುರ್ಚಿ?”

ಮನೆಗೆ ಬಂದು ಕುರ್ಚಿಯನ್ನು ಮೂಲೆಗೆ ಎತ್ತಿಟ್ಟೆ. ಆ ನಾಲ್ಕು ಸೀಮೆಸುಣ್ಣದ ಗುರುತುಗಳನ್ನು ಒದ್ದೆ ಬಟ್ಟೆಯಿಂದ ನಾನೇ ಒರೆಸಿದೆ.